ಅಮ್ಮನ ಜೊತೆ ಎಡಿನ್‌ಬರೋಗೆ

ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಸ್ಥೆ ಅಮ್ಮನನ್ನು ತನ್ನ ಫೆಲೋ, ಅಂದರೆ ಹಿರಿಯ ಸದಸ್ಯೆ, ಆಗಿ ಆರಿಸಿದೆಯೆಂಬ ಪತ್ರ ಇಮೇಲಿನಲ್ಲಿ ಬಂದ ಸಂಜೆ ಅದನ್ನು ಮೊದಲು ಓದಿದವಳು ನಾನು. ಅಮ್ಮ ಆಗ ಹಾಸನದ ಸಾಲಗಾಮೆ ರಸ್ತೆಯ ಕ್ಲಿನಿಕ್ಕಿನಲ್ಲಿದ್ದಳು. ಫೋನ್ ಮಾಡಿ ವಿಷಯ ಹೇಳಿದಾಗ, "ಹೌದಾ? ಸರಿ, ಇನ್ನೂ ಹನ್ನೆರಡು ಜನ ಕೂತಿದ್ದಾರೆ, ಮನೆಗೆ ಬಂದು ಓದ್ತೀನಿ" ಎಂದಳು. ರಾತ್ರಿ ಒಂಬತ್ತೂವರೆಗೆ ಬಂದು, ಕೈಕಾಲು ತೊಳೆದು, ಕನ್ನಡಕ ಒರೆಸಿಕೊಂಡು, ಒಂದು ಪುಟದ ಆ ಪತ್ರವನ್ನು ಎರಡು ಸಲ ಓದಿದಳು. ಅಪ್ಪ ಅವಳ ಕುರ್ಚಿಯ ಹಿಂದೆ ನಿಂತೇ ಇದ್ದರು. ಕಾಲೇಜಿನ ಸಮಾರಂಭಕ್ಕೆ ಖುದ್ದಾಗಿ ಬಂದು ಪ್ರಮಾಣಪತ್ರ ಪಡೆಯಬಹುದು ಎಂಬ ಕೊನೆಯ ಸಾಲನ್ನು ಅವರೇ ಗಟ್ಟಿಯಾಗಿ ಓದಿ, "ಎಲ್ಲರೂ ಹೋಗೋಣ" ಎಂದರು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ದೇಶ ಬಿಟ್ಟು ಹೋದವರಿರಲಿಲ್ಲ.

ಈ ಫೆಲೋಶಿಪ್ಪಿಗೆ ಪರೀಕ್ಷೆ ಬರೆಯುವುದಿಲ್ಲ. ಈಗಾಗಲೇ ಫೆಲೋ ಆಗಿರುವವರು ಹೆಸರು ಸೂಚಿಸಬೇಕು, ವೈದ್ಯರು ಮಾಡಿದ ಕೆಲಸದ ವಿವರ ಒಪ್ಪಿಸಬೇಕು, ಕಾಲೇಜು ಅದನ್ನು ಪರಿಶೀಲಿಸಿ ತೀರ್ಮಾನಿಸುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಹಾಸನದಲ್ಲಿ ಅಮ್ಮನ ಕೈಕೆಳಗೆ ಕೆಲಸ ಕಲಿತು, ಈಗ ಬ್ರಿಟನ್ನಿನಲ್ಲಿ ನೆಲೆಸಿರುವ ವೈದ್ಯರೊಬ್ಬರು ಅವಳ ಹೆಸರನ್ನು ಸೂಚಿಸಿದ್ದರು. ಹಾಗಾಗಿ ನಮ್ಮ ಮಟ್ಟಿಗೆ ಈ ಪ್ರಯಾಣ ಶುರುವಾದದ್ದು ವಿಮಾನ ನಿಲ್ದಾಣದಲ್ಲಿ ಅಲ್ಲ, ಅದಕ್ಕೂ ಒಂದು ವರ್ಷ ಹಿಂದೆ, ನಮ್ಮ ಮನೆಯ ಅಟ್ಟದ ಮೇಲೆ.

ಅಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದ ಫಿಸಿಶಿಯನ್. ಸಕ್ಕರೆ ಕಾಯಿಲೆ, ಬಿ.ಪಿ., ಜ್ವರ ಎಲ್ಲವನ್ನೂ ನೋಡಿದವಳಾದರೂ ಸುತ್ತಲ ಹಳ್ಳಿಗಳಲ್ಲಿ ಅವಳನ್ನು ಗುರುತಿಸುವುದು "ಹಾವಿನ ಡಾಕ್ಟ್ರಮ್ಮ" ಎಂದು. ಕೆಲಸದ ವಿವರ ಕೇಳಿದ ಅರ್ಜಿಯಲ್ಲಿ ಎಷ್ಟು ಹಾವು ಕಡಿತದ ರೋಗಿಗಳಿಗೆ ಚಿಕಿತ್ಸೆ ಕೊಟ್ಟಿದ್ದೀರಿ ಎಂದು ಬರೆಯಬೇಕಾದಾಗ ಅವಳು ಪೆನ್ನು ಕೆಳಗಿಟ್ಟು, "ನಾನು ಎಣಿಸಿಟ್ಟಿಲ್ಲ, ಆದರೆ ಬರೆದಿಟ್ಟಿದೀನಿ" ಎಂದಳು. ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕಗಳಿದ್ದವು. ಪ್ರತಿ ಸಾಲಿನಲ್ಲೂ ದಿನಾಂಕ, ಊರು, ವಯಸ್ಸು, ಕಡಿದ ಹೊತ್ತು, ಆಸ್ಪತ್ರೆಗೆ ಬಂದ ಹೊತ್ತು, ಹಾವಿನ ಬಗ್ಗೆ ಜೊತೆಗೆ ಬಂದವರು ಹೇಳಿದ ಮಾತು, ಕೊಟ್ಟ ಪ್ರತಿವಿಷದ ಸೀಸೆಗಳ ಲೆಕ್ಕ, ಕೊನೆಗೆ ಆದದ್ದೇನು ಎಂಬುದು. ನಾನೂ ತಮ್ಮನೂ ಭಾನುವಾರಗಳಲ್ಲಿ ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿದೆವು. ಉಳಿಸಿಕೊಳ್ಳಲಾಗದವರ ಸಾಲುಗಳು ಕೆಂಪು ಶಾಯಿಯಲ್ಲಿದ್ದವು. ಮೊದಲು ಕೆಂಪು ಸಾಲುಗಳನ್ನು ಎಣಿಸಿ, ಆಮೇಲೆ ಉಳಿದವನ್ನು ಎಣಿಸಬೇಕೆಂದು ಅಮ್ಮ ಹೇಳಿದ್ದಳು. ನಾವು ಹಾಗೆಯೇ ಮಾಡಿದೆವು.

ಆ ಪುಸ್ತಕಗಳಲ್ಲೊಂದರಲ್ಲಿ ನನ್ನ ಮದುವೆಯ ಚಪ್ಪರದ ದಿನದ ತಾರೀಖು ಸಿಕ್ಕಿತು. ಆ ಸಂಜೆ ಶಾಸ್ತ್ರದ ನಡುವೆ ಅಮ್ಮ ಎರಡು ಗಂಟೆ ಕಾಣೆಯಾಗಿದ್ದಳು, ನೆಂಟರು ಅದನ್ನು ಬಹಳ ದಿನ ಆಡಿಕೊಂಡಿದ್ದರು, ನನ್ನ ಮನಸ್ಸಿನಲ್ಲೂ ಅದು ಹದಿನಾಲ್ಕು ವರ್ಷ ಚುಚ್ಚುತ್ತಲೇ ಇತ್ತು. ಸಾಲಿನಲ್ಲಿ ಇಷ್ಟಿತ್ತು: ಶಾಂತಿಗ್ರಾಮದ ಕಡೆಯ ಹುಡುಗ, 11 ವರ್ಷ, ನೆಲದ ಮೇಲೆ ಮಲಗಿದ್ದ, ಕಡಿದ ಗುರುತಿಲ್ಲ, ರೆಪ್ಪೆ ಬೀಳುತ್ತಿದೆ, ಕಟ್ಟುಹಾವು ಇರಬೇಕು. ಕೊನೆಯ ಕಲಂನಲ್ಲಿ, "ಆರನೇ ದಿನ ಮನೆಗೆ." ಕಟ್ಟುಹಾವಿನ ಹಲ್ಲು ಸಣ್ಣದು, ಮಲಗಿರುವವರಿಗೆ ಕಡಿದದ್ದೇ ಗೊತ್ತಾಗುವುದಿಲ್ಲ, ಬೆಳಗಾಗುವುದರೊಳಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ ಎಂಬುದು ನನಗೆ ತಿಳಿದದ್ದು ಆ ಸಾಲನ್ನು ಓದಿ ಅಮ್ಮನನ್ನು ಕೇಳಿದ ಮೇಲೆ. ನಾನು ಆ ಪುಟವನ್ನು ಅಪ್ಪನಿಗೂ ತೋರಿಸಿದೆ. ಅವರಿಗೆ ಮೊದಲೇ ಗೊತ್ತಿತ್ತು.

ಕೊಳಕುಮಂಡಲ ಕಡಿದಾಗ ಮಾಡುವ ಪರೀಕ್ಷೆಯೊಂದನ್ನು ಇಲ್ಲಿ ವಿವರಿಸಲೇಬೇಕು, ಏಕೆಂದರೆ ಅಮ್ಮನ ಹೆಸರು ಕಾಲೇಜಿನವರೆಗೆ ಹೋದದ್ದು ಅದನ್ನು ತಾಲ್ಲೂಕು ಆಸ್ಪತ್ರೆಗಳ ದಾದಿಯರಿಗೂ ಕಿರಿಯ ವೈದ್ಯರಿಗೂ ವರ್ಷಗಟ್ಟಲೆ ಕಲಿಸಿದ್ದಕ್ಕಾಗಿ. ಈ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಹಾಳುಮಾಡುತ್ತದೆ. ರೋಗಿಯ ಎರಡು ಮಿಲಿಲೀಟರ್ ರಕ್ತವನ್ನು ಹೊಸದಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಂದು ಸಲ ಮಾತ್ರ ಓರೆ ಮಾಡಿ ನೋಡಬೇಕು. ರಕ್ತ ಗಟ್ಟಿಯಾಗಿ ಕೂತಿದ್ದರೆ ಕಾಯುತ್ತ ಮತ್ತೆ ಮತ್ತೆ ಪರೀಕ್ಷಿಸಬೇಕು. ನೀರಿನಂತೆ ಹರಿದರೆ ಪ್ರತಿವಿಷ ಕೊಡಲೇಬೇಕು. ದುಬಾರಿ ಯಂತ್ರವಿಲ್ಲ, ಕರೆಂಟು ಬೇಕಿಲ್ಲ. ಆದರೆ ಟ್ಯೂಬು ಪ್ಲಾಸ್ಟಿಕ್ಕಿನದಾಗಿದ್ದರೆ, ಇಲ್ಲವೇ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಸುಳ್ಳು ಉತ್ತರ ಕೊಡುತ್ತದೆ. ಅದನ್ನು ನಂಬಿ ಬೇಡದವರಿಗೆ ಪ್ರತಿವಿಷ ಕೊಟ್ಟರೆ ಅದರ ಅಡ್ಡಪರಿಣಾಮವೇ ಜೀವಕ್ಕೆ ಎರವಾಗಬಹುದು. 2000ರಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆಂದು ಅಂದಾಜು; ಅವರಲ್ಲಿ ಹೆಚ್ಚಿನವರು ಹೊಲ ಗದ್ದೆಗಳಲ್ಲಿ ದುಡಿಯುವವರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ, ಕರ್ನಾಟಕ ಸರ್ಕಾರ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದದ್ದು 2024ರಲ್ಲಿ. ಅಮ್ಮ ಯಾರೂ ಕೇಳದಿದ್ದ ಕಾಲದಲ್ಲಿ ಬರೆದಿಟ್ಟಿದ್ದಳು.

ಪತ್ರ ಬಂದ ಮೇಲೆ ಶುರುವಾದದ್ದು ಕಾಗದಪತ್ರಗಳ ಕೆಲಸ. ಹಾಸನದ ಪ್ರಧಾನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿರುವುದರಿಂದ ನಾಲ್ವರ ಪಾಸ್‌ಪೋರ್ಟು ಬೇಗನೆ ಆಯಿತು. ಹೆಸರಿನ ವಿಷಯ ಮಾತ್ರ ಕಾಡಿತು. ಅಮ್ಮನ ಎಂ.ಬಿ.ಬಿ.ಎಸ್. ಪದವಿ ಪತ್ರದಲ್ಲೂ ವೈದ್ಯಕೀಯ ಮಂಡಳಿಯ ನೋಂದಣಿಯಲ್ಲೂ ಹೆಸರಿನ ಮುಂದೆ ಎರಡು ಅಕ್ಷರಗಳಿವೆ, ಒಂದು ಅವಳ ಊರಿನದು, ಇನ್ನೊಂದು ಅವಳ ತಂದೆಯದು. ಆಧಾರ್ ಕಾರ್ಡಿನಲ್ಲಿ ಆ ಎರಡೂ ಇಲ್ಲ, ಅಪ್ಪನ ಹೆಸರಿದೆ. ಪಾಸ್‌ಪೋರ್ಟಿನಲ್ಲಿ ಮೂರನೆಯ ರೂಪ. ಮೂರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿಯ ಮುದ್ರೆ ಹಾಕಿಸಿದೆವು. ಕಾಲೇಜಿನವರು ಪ್ರಮಾಣಪತ್ರದಲ್ಲಿ ಹೆಸರು ಹೇಗಿರಬೇಕೆಂದು ಕೇಳಿದಾಗ, ಪಾಸ್‌ಪೋರ್ಟಿನಲ್ಲಿದ್ದಂತೆ ಇದ್ದರೆ ಸಲೀಸು ಎಂದು ನಾನು ಸೂಚಿಸಿದೆ. ಅಮ್ಮ ಒಪ್ಪಲಿಲ್ಲ. "ಆ ಹೆಸರಲ್ಲೇ ಓದಿದ್ದು, ಆ ಹೆಸರಲ್ಲೇ ಔಷಧಿ ಬರೆದಿದ್ದು. ಊರಿನ ಅಕ್ಷರ ಬಿಡಕ್ಕಾಗಲ್ಲ" ಎಂದಳು. ಹೊಳೆನರಸೀಪುರ ತಾಲ್ಲೂಕಿನ ಆ ಊರಿನಿಂದ ವೈದ್ಯಕೀಯ ಓದಲು ಮೈಸೂರಿಗೆ ಹೋದ ಮೊದಲ ಹುಡುಗಿ ಅವಳು.

ವೀಸಾ ಅರ್ಜಿ ತುಂಬಲು ನಾವು ಒಬ್ಬ ಏಜೆಂಟರನ್ನು ಹಿಡಿದೆವು. ಅದು ನನ್ನ ತಪ್ಪು ನಿರ್ಧಾರವೆಂದು ಈಗಲೂ ಅನಿಸುತ್ತದೆ. ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮುದ್ರಿತ ಪ್ರತಿಯನ್ನು ಸುಮ್ಮನೆ ಓದುತ್ತಿದ್ದಾಗ, ಅಮ್ಮನ ಅರ್ಜಿಯಲ್ಲಿ ಉದ್ಯೋಗವೆಂಬಲ್ಲಿ "ಗೃಹಿಣಿ" ಎಂದೂ, ಪ್ರಯಾಣದ ಉದ್ದೇಶವೆಂಬಲ್ಲಿ ಗಂಡನೊಂದಿಗೆ ಪ್ರವಾಸವೆಂದೂ ಬರೆದಿತ್ತು. ಅವಳ ನಿವೃತ್ತಿ ವೇತನದ ಆದೇಶ, ಕಾಲೇಜಿನ ಪತ್ರ, ನೋಂದಣಿ ಪತ್ರ ಎಲ್ಲವೂ ಅವರ ಕೈಯಲ್ಲೇ ಇದ್ದವು. ಅರವತ್ತು ದಾಟಿದ ಹೆಂಗಸಿನ ಅರ್ಜಿಯಲ್ಲಿ ಸಾಮಾನ್ಯವಾಗಿ ಹಾಗೆಯೇ ಬರೆಯುವುದು ಎಂಬ ಉತ್ತರ ಬಂತು. ನನಗೆ ಬಂದ ಸಿಟ್ಟು ಅಮ್ಮನಿಗೆ ಬರಲಿಲ್ಲ. "ಮೊದಲು ಸರಿ ಮಾಡು, ಆಮೇಲೆ ಬೈಯುವಂತೆ" ಎಂದು ತನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಆ ಭೇಟಿಯ ಸಮಯವನ್ನು ರದ್ದುಮಾಡಿ, ನಾಲ್ವರ ಅರ್ಜಿಯನ್ನೂ ಮೊದಲಿನಿಂದ ನಾವೇ ತುಂಬಿದೆವು. ಹೊಸ ದಿನಾಂಕ ಸಿಗಲು ಹನ್ನೊಂದು ದಿನ ಕಾಯಬೇಕಾಯಿತು. ಹೀಗೆ ಹೊರಡುವ ಎಲ್ಲರಿಗೂ ನಾನು ಹೇಳುವುದು, ಅರ್ಜಿಯನ್ನು ಯಾರೇ ತುಂಬಿದರೂ ಸಹಿಗೆ ಮೊದಲು ಒಂದೊಂದು ಸಾಲನ್ನೂ ನೀವೇ ಓದಿ.

ಬ್ರಿಟನ್ನಿನ ವೀಸಾಕ್ಕೆ ಇಂಗ್ಲಿಷಿನಲ್ಲಿಲ್ಲದ ದಾಖಲೆಗಳಿಗೆ ಅನುವಾದ ಬೇಕು, ಅನುವಾದಕರ ಹೆಸರು, ಸಹಿ, ದಿನಾಂಕ ಸಮೇತ. ವಾಪಸು ಬರುತ್ತೇವೆನ್ನುವುದಕ್ಕೆ ಆಧಾರವಾಗಿ ನಮ್ಮ ಜಮೀನಿನ ಪಹಣಿಯನ್ನು ಇಡಬೇಕಿತ್ತು. ಕನ್ನಡ ಉಪನ್ಯಾಸಕರಾಗಿ ನಿವೃತ್ತರಾದ ಅಪ್ಪ, ಅನುವಾದಕರ ಮುಂದೆ ಕೂತು ಗುಂಟೆ, ಹಿಸ್ಸಾ, ಖರಾಬು ಎಂಬ ಒಂದೊಂದು ಶಬ್ದಕ್ಕೂ ಅರ್ಥ ವಿವರಿಸಿ ಅರ್ಧ ದಿನ ಕಳೆದರು. ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಡುವಾಗ ಅಮ್ಮನ ಬಲಗೈಯ ಗುರುತು ಯಂತ್ರಕ್ಕೆ ಸಿಗಲಿಲ್ಲ. ದಿನಕ್ಕೆ ಐವತ್ತು ಸಲ ಸೋಪು, ಸ್ಪಿರಿಟ್ಟಿನಲ್ಲಿ ತೊಳೆದ ಬೆರಳುಗಳ ತುದಿ ನುಣ್ಣಗಾಗಿ ಹೊಳೆಯುತ್ತಿದ್ದವು. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಬೆರಳನ್ನು ಗಾಜಿನ ಮೇಲೆ ಒತ್ತಿಹಿಡಿದು, ಐದನೆಯ ಪ್ರಯತ್ನದಲ್ಲಿ ಮುಗಿಸಿದಳು. ಮೂರು ವಾರಕ್ಕೆ ವೀಸಾ ಬಂತು.

ಹೊರಡುವ ಹೊತ್ತಿಗೆ ಜೂನ್, ಮಳೆ ಹಿಡಿದಿತ್ತು. ಆಲೂಗೆಡ್ಡೆ, ಶುಂಠಿಯ ಹೊಲಗಳಲ್ಲಿ ಕೆಲಸ ಜೋರಾಗುವ, ಹಾವು ಕಡಿತವೂ ಹೆಚ್ಚಾಗುವ ಕಾಲ. ಅಮ್ಮ ಹಿಂದೆಮುಂದೆ ನೋಡತೊಡಗಿದಳು. ಅವಳ ತಾಯಿ, ನನ್ನ ಅಜ್ಜಿ, ಜಗಲಿಯ ಮೇಲೆ ಕೂತಲ್ಲಿಂದಲೇ ಹೇಳಿದ ಮಾತು ಅದನ್ನು ತೀರ್ಮಾನಿಸಿತು: "ಮೂವತ್ತು ವರ್ಷ ರಾತ್ರಿ ಹೊತ್ತಲ್ಲಿ ಎದ್ದೆದ್ದು ಓಡಿದೀಯ ಕಣವ್ವ. ಹಗಲು ಹೊತ್ತಲ್ಲಿ ಒಂದ್ಸಲ ಹೋಗ್ಬಾ." ಅಜ್ಜಿ ಕಾಯಿಸಿ ಕೊಟ್ಟ ತುಪ್ಪವನ್ನು ಬಿಟ್ಟು ಹೋಗಬೇಕಾಯಿತು, ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ, ಚಟ್ನಿಪುಡಿಗೂ ಕೋಡುಬಳೆಗೂ ತೊಂದರೆಯಾಗಲಿಲ್ಲ. ಚನ್ನರಾಯಪಟ್ಟಣ, ಕುಣಿಗಲ್ ದಾಟಿ ದೇವನಹಳ್ಳಿ, ಅಲ್ಲಿಂದ ಲಂಡನ್ನಿಗೆ ಹತ್ತು ಗಂಟೆಗೂ ಮೀರಿದ ಹಾರಾಟ, ಮರುದಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಎಡಿನ್‌ಬರೋಗೆ ನಾಲ್ಕೂವರೆ ಗಂಟೆಯ ರೈಲು.

ಆ ರೈಲಿನಲ್ಲಿ ನ್ಯೂಕ್ಯಾಸಲ್ ದಾಟಿದ ಮೇಲೆ ಬಲಗಡೆ ಸಮುದ್ರ ಕಾಣತೊಡಗಿತ್ತು. ಅಮ್ಮನಿಗೆ ಫೋನು ಬಂತು. ಊರಿನಲ್ಲಿ ಆಗ ಸಂಜೆ, ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಕಟ್ಟಾಯದ ಕಡೆ ಶುಂಠಿ ಕಳೆ ಕೀಳುತ್ತಿದ್ದ ಹೆಂಗಸಿಗೆ ಹಾವು ಕಡಿದಿತ್ತು; ಕಿರಿಯ ವೈದ್ಯರೊಬ್ಬರು ಟ್ಯೂಬಿನ ಫೋಟೊ ಕಳಿಸಿ, ರಕ್ತ ಹೆಪ್ಪುಗಟ್ಟಿಲ್ಲ, ಪ್ರತಿವಿಷ ಶುರು ಮಾಡಲೇ ಎಂದು ಕೇಳಿದ್ದರು. ಅಮ್ಮ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. "ಊತ ಎಷ್ಟಿದೆ? ವಸಡಲ್ಲಿ ರಕ್ತ ಇದೆಯಾ? ಇಲ್ವಲ್ಲ. ನೋಡಿ, ಇದು ಪ್ಲಾಸ್ಟಿಕ್ ಟ್ಯೂಬು. ಗಾಜಿನದರಲ್ಲಿ ಇನ್ನೊಂದ್ಸಲ ಇಡಿ, ಅಲ್ಲಿಯವರೆಗೂ ಅವರ ಪಕ್ಕದಿಂದ ಏಳಬೇಡಿ" ಎಂದು ಹೇಳಿ ಗಡಿಯಾರ ನೋಡಿಕೊಂಡಳು. ಆ 20 ನಿಮಿಷ ನಮ್ಮಲ್ಲಿ ಯಾರೂ ಕಿಟಕಿಯ ಆಚೆ ನೋಡಲಿಲ್ಲ. ಬೆರ್ವಿಕ್ಕಿನ ಬಳಿ ಟ್ವೀಡ್ ನದಿಯ ಎತ್ತರದ ಕಲ್ಲಿನ ಸೇತುವೆಯ ಮೇಲೆ ರೈಲು ಹೋಗುತ್ತಿದ್ದಾಗ ಎರಡನೆಯ ಫೋಟೊ ಬಂತು: ಓರೆ ಮಾಡಿದ ಗಾಜಿನ ಟ್ಯೂಬು, ತಳದಲ್ಲಿ ಅಲುಗದೆ ಕೂತ ಕಪ್ಪು ಕೆಂಪಿನ ಗಡ್ಡೆ. "ಸದ್ಯಕ್ಕೆ ಬೇಡ. ರಾತ್ರಿಯಿಡೀ ಮತ್ತೆ ಮತ್ತೆ ಪರೀಕ್ಷೆ ಮಾಡ್ತಾ ಇರಿ" ಎಂದಳು. ಅಮ್ಮ ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ರಸೆಲ್ಸ್ ವೈಪರ್ ಎಂದು ಹೆಸರು. ಆ ಪ್ಯಾಟ್ರಿಕ್ ರಸೆಲ್ ಎಡಿನ್‌ಬರೋದಲ್ಲೇ ಹುಟ್ಟಿದ ವೈದ್ಯ ಎಂದು ಅಮ್ಮ ಹೇಳಿದ್ದು ಅದೇ ರೈಲಿನಲ್ಲಿ. ಅವನು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ವಿಶಾಖಪಟ್ಟಣಕ್ಕೆ ಬಂದು, ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂದು ಜನರಿಗೆ ಗೊತ್ತಾಗಲೆಂದು ಕೋರಮಂಡಲ ತೀರದ ಹಾವುಗಳ ಸಚಿತ್ರ ಗ್ರಂಥವನ್ನು 1796ರಲ್ಲಿ ಪ್ರಕಟಿಸಿದ. ಈ ಹಾವನ್ನು ಅಲ್ಲಿನ ತೆಲುಗರು ಕರೆಯುತ್ತಿದ್ದ "ಕಾಟುಕ ರೇಕುಲ ಪೊಡ" ಎಂಬ ಹೆಸರನ್ನೂ ಅದರಲ್ಲಿ ಬರೆದಿಟ್ಟಿದ್ದಾನೆ. ನೂರು ವರ್ಷಗಳ ನಂತರ ಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸುವ ಪ್ರಯೋಗಗಳನ್ನು ನಡೆಸಿದ ಥಾಮಸ್ ರಿಚರ್ಡ್ ಫ್ರೇಸರ್ ಇದೇ ಕಾಲೇಜಿನ ಅಧ್ಯಕ್ಷನಾಗಿದ್ದವನು. ಇವೆಲ್ಲ ಅಮ್ಮನಿಗೆ ಮೂವತ್ತು ವರ್ಷಗಳಿಂದ ಗೊತ್ತಿದ್ದ ಸಂಗತಿಗಳು. ಅವಳು ಅವನ್ನು ಕೂತು ಹೇಳುವಷ್ಟು ಬಿಡುವನ್ನು ನಾವು ಕಂಡಿರಲಿಲ್ಲ.

ಸಮಾರಂಭದ ಹಿಂದಿನ ಸಂಜೆ ಕ್ವೀನ್ ಸ್ಟ್ರೀಟಿನಲ್ಲಿರುವ ಕಾಲೇಜಿನ ಕಟ್ಟಡವನ್ನು ನೋಡಿಬರಲು ಹೋದೆವು. ರಾತ್ರಿ ಎಂಟಾದರೂ ನಮ್ಮೂರಿನ ನಾಲ್ಕು ಗಂಟೆಯ ಬಿಸಿಲಿತ್ತು. 1681ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಸನ್ನದಿನಿಂದ ಸ್ಥಾಪನೆಯಾದ ಸಂಸ್ಥೆಯದು. ಈಗಿನ ಕಟ್ಟಡ 1840ರ ದಶಕದ್ದು. ಮುಂಭಾಗದಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಟಿಸನ ಮತ್ತು ಗ್ರೀಕರ ವೈದ್ಯದೇವತೆ ಈಸ್ಕ್ಯುಲೇಪಿಯಸನ ಕಲ್ಲಿನ ಪ್ರತಿಮೆಗಳು, ಮೇಲೆ ಆರೋಗ್ಯದೇವತೆ ಹೈಜಿಯಾ. ವೈದ್ಯದೇವತೆಯೆಂದರೆ ಕೋಲು, ಕೋಲಿಗೆ ಸುತ್ತಿದ ಹಾವು. ಅಮ್ಮ ರಸ್ತೆಯ ಆಚೆ ಬದಿಗೆ ಹೋಗಿ, ತಲೆಯೆತ್ತಿ ಬಹಳ ಹೊತ್ತು ನಿಂತಳು. ನಾಗರ ಪಂಚಮಿಯ ದಿನ ಊರಿನ ಅರಳಿಕಟ್ಟೆಯ ಮುಂದೆ ಅವಳು ಹಾಗೆಯೇ ನಿಲ್ಲುವುದನ್ನು ಕಂಡಿದ್ದೇನೆ.

ಮರುದಿನ ನನಗೆ ಮರೆಯಲಾಗದ್ದು ಒಂದು ಸಣ್ಣ ಪೇಚಾಟ. ಬಾಡಿಗೆಯ ಗೌನಿನ ಮೇಲೆ ಹಾಕಿಕೊಳ್ಳುವ ಹುಡ್ ಎಂಬ ಬಟ್ಟೆಯ ಕೊರಳಪಟ್ಟಿಗೆ ಮುಂದೊಂದು ಕುಣಿಕೆಯಿರುತ್ತದೆ, ಅದನ್ನು ಅಂಗಿಯ ಗುಂಡಿಗೆ ಸಿಕ್ಕಿಸಬೇಕು. ಸೀರೆ ಉಟ್ಟವಳಿಗೆ ಅಂಗಿಯ ಗುಂಡಿ ಎಲ್ಲಿಂದ ಬರಬೇಕು? ಹುಡ್ ಹಿಂದಕ್ಕೆ ಜಾರಿ ಕತ್ತನ್ನು ಒತ್ತುತ್ತಿತ್ತು. ನನ್ನ ಬಳೆಯಲ್ಲಿದ್ದ ಎರಡು ಪಿನ್ನುಗಳನ್ನು ತೆಗೆದು, ಮೈಸೂರು ರೇಷ್ಮೆಯ ಸೆರಗಿನ ನೆರಿಗೆಗೆ ಸೇರಿಸಿ ಚುಚ್ಚಿ, ಎರಡೂ ಭುಜದಲ್ಲಿ ಸಮ ಬರುವಂತೆ ನಿಲ್ಲಿಸಿದೆ. ಅಷ್ಟು ಹತ್ತಿರದಿಂದ ನೋಡಿದಾಗ ಅವಳ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಒತ್ತಿ ಒತ್ತಿ ಆದ ತೆಳ್ಳನೆಯ ಗೆರೆ ಕಂಡಿತು.

ಸಾಲುಗಂಬಗಳ ಸಭಾಂಗಣದಲ್ಲಿ ಅಪ್ಪ, ತಮ್ಮ, ನಾನು ಕೂತೆವು. ಹೆಂಗಸರು ವೈದ್ಯರಾಗುವುದನ್ನು ಈ ಊರು ಸುಲಭವಾಗಿ ಒಪ್ಪಿದ್ದಲ್ಲ. 1869ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ ಏಳು ಮಹಿಳೆಯರಿಗೆ ಪದವಿ ಕೊಡಲಿಲ್ಲ. ಗೌರವಪೂರ್ವಕವಾಗಿ ಅದನ್ನು ಕೊಟ್ಟದ್ದು ಅವರೆಲ್ಲ ಸತ್ತ ಎಷ್ಟೋ ಕಾಲದ ಮೇಲೆ, 2019ರಲ್ಲಿ. ಕಲ್ಕತ್ತೆಯ ಕಾದಂಬಿನಿ ಗಂಗೂಲಿ ಸಮುದ್ರ ದಾಟಿ ಬಂದು ಸ್ಕಾಟ್ಲೆಂಡಿನ ಕಾಲೇಜುಗಳ ವೈದ್ಯ ಪರವಾನಗಿ ಪಡೆದದ್ದು 1893ರಲ್ಲಿ. ಈ ಸಂಗತಿಗಳನ್ನು ಹೊರಡುವ ಮೊದಲೇ ಓದಿಕೊಂಡು ಬಂದಿದ್ದ ಅಪ್ಪ, ಅಮ್ಮನ ಸಾಲು ಎದ್ದಾಗ ಕುರ್ಚಿಯ ತುದಿಗೆ ಬಂದು ಕೂತರು. ಹೆಸರು ಕರೆದರು. ಉಚ್ಚಾರ ಸ್ವಲ್ಪ ಬೇರೆಯಾಗಿದ್ದರೂ ಊರಿನ ಅಕ್ಷರ ಮೊದಲು ಬಂತು, ಆಮೇಲೆ ತಾತನದು, ಆಮೇಲೆ ಅವಳದು. ಅಮ್ಮ ವಾರ್ಡಿನಲ್ಲಿ ನಡೆಯುವ ಅದೇ ಚುರುಕು ನಡಿಗೆಯಲ್ಲಿ ಹೋಗಿ, ಕೈ ಕುಲುಕಿ, ಪ್ರಮಾಣಪತ್ರ ಪಡೆದು, ತಿರುಗಿ ನಮ್ಮತ್ತ ನೋಡಿದಳು. ತಮ್ಮ ತೆಗೆದ ವಿಡಿಯೊದಲ್ಲಿ ಆ ಕ್ಷಣ ಪೂರ್ತಿ ಅಲುಗಾಡಿದೆ, ಏಕೆಂದರೆ ಅಪ್ಪ ಅವನ ತೋಳನ್ನು ಹಿಡಿದುಕೊಂಡಿದ್ದರು.

ಅಜ್ಜಿಗೆ ಫೋನ್ ಮಾಡಿ ತೋರಿಸಿದೆವು. ಆಮೇಲೆ ಅಮ್ಮ ಆಸ್ಪತ್ರೆಗೂ ಫೋನ್ ಮಾಡಿದಳು. ಕಟ್ಟಾಯದ ಹೆಂಗಸು ಎದ್ದು ಕೂತು ಗಂಜಿ ಕುಡಿದಿದ್ದಳು.

ವಾಪಸು ಬಂದ ಮೂರನೆಯ ದಿನ ಅಮ್ಮ ಕ್ಲಿನಿಕ್ಕಿನ ಬಾಗಿಲು ತೆಗೆದಳು. ಪ್ರಮಾಣಪತ್ರ ಇನ್ನೂ ಅದರ ಕೊಳವೆಯಲ್ಲೇ ಇತ್ತು. ಮೊದಲು ಬಂದವರು ದುದ್ದದ ಹತ್ತಿರದ ವಯಸ್ಸಾದ ರೈತರೊಬ್ಬರು. ಹದಿನೆಂಟು ವರ್ಷಗಳ ಹಿಂದಿನ ಪುಸ್ತಕದಲ್ಲಿ ಅವರದೂ ಒಂದು ಸಾಲಿದೆ. ಬಿ.ಪಿ. ನೋಡಿಸಿಕೊಳ್ಳುತ್ತ, "ಅಲ್ಲೂ ಹಾವವಾ ಡಾಕ್ಟ್ರಮ್ಮ?" ಎಂದು ಕೇಳಿದರು.

"ವಿಷದ್ದು ಒಂದೇ ಜಾತಿ. ಅದೂ ಅಪರೂಪ" ಎಂದಳು ಅಮ್ಮ, ಪಟ್ಟಿಯ ಗಾಳಿ ಬಿಡುತ್ತ. "ಆದರೆ ಆಸ್ಪತ್ರೆಯವರ ದೇವರ ಕೈಯಲ್ಲಿ ಕಲ್ಲಿನ ಹಾವಿದೆ."

"ನಮ್ಮ ನಾಗರಕಲ್ಲಂಗಾ?"

"ಹೂಂ. ಕೋಲು ಸುತ್ಕೊಂಡಿದೆ" ಎಂದು, ಅವರ ಮಣಿಕಟ್ಟನ್ನು ಹಿಡಿದುಕೊಂಡೇ, ತನ್ನ ಇನ್ನೊಂದು ಕೈಯ ಬೆರಳನ್ನು ಮೇಲಕ್ಕೆ ಸುತ್ತಿಸಿ ತೋರಿಸಿದಳು.